ಅಮ್ಮನ ಪ್ರಾಣ ಇನ್ನೆಷ್ಟು ಉಳಿದಿದೆ?

ಆಡಿದ ಮಾತನ್ನು ಅಕ್ಷರಶಃ ನಂಬಿ ನೊಂದ ಮಕ್ಕಳು ನನ್ನ ಬಳಿ ಆಗಾಗ ಬರುತ್ತಾರೆ. ಈ ಹುಡುಗನ ಒಂದು ಪ್ರಶ್ನೆ ಮಾತ್ರ ಮನಸ್ಸಿನಿಂದ ಇಳಿಯಲೇ ಇಲ್ಲ. ಮನೆಯವರ ಒಪ್ಪಿಗೆ ಪಡೆದು, ಗುರುತು ಮರೆಸಿ ಬರೆಯುತ್ತಿದ್ದೇನೆ.

ಮಡಿಕೇರಿಯ ಆಚೆಗಿನ ಒಂದು ಕಾಫಿ ತೋಟದ ಮನೆ. ಹುಡುಗನಿಗೆ 6 ವರ್ಷ. ಎರಡು ವಾರದಿಂದ ತಾಯಿಯ ಬಳಿ ಏನನ್ನೂ ಕೇಳುತ್ತಿರಲಿಲ್ಲ. ನೀರು ಬೇಕಾದರೂ ಅಜ್ಜಿಯ ಸೆರಗು ಹಿಡಿಯುತ್ತಿದ್ದ. ಶಾಲೆಯಲ್ಲಿ ಯಾರೋ ಹೆದರಿಸಿದ್ದಾರೆಂಬುದು ತಂದೆಯ ಊಹೆ.

ಎರಡನೆಯ ಭೇಟಿಯಲ್ಲಿ ಅಮ್ಮನ ಚಿತ್ರ ಬರೆಯುತ್ತಾ, ತಲೆ ಎತ್ತದೆ ಕೇಳಿದ: “ಒಬ್ಬರಿಗೆ ಎಷ್ಟು ಪ್ರಾಣ ಇರುತ್ತದೆ? ಅಮ್ಮನದು ಇನ್ನೆಷ್ಟು ಉಳಿದಿದೆ?”

ತಾಯಿ ಬಿಳಿಚಿಕೊಂಡರು. “ನನ್ನ ಪ್ರಾಣ ತಿನ್ನಬೇಡ ಮಾರಾಯ” ಎಂದು ಕೊಯ್ಲಿನ ಗಡಿಬಿಡಿಯಲ್ಲಿ ದಿನಕ್ಕೆ ಹತ್ತು ಸಲ ಅಂದಿದ್ದರು. ತಾನು ಏನಾದರೂ ಕೇಳಿದಾಗಲೆಲ್ಲ ಅಮ್ಮನ ಪ್ರಾಣ ಒಂದು ತುತ್ತು ಕಡಿಮೆಯಾಗುತ್ತದೆಂದು ಹುಡುಗ ನಂಬಿದ್ದ. ಉಳಿದದ್ದನ್ನು ಉಳಿಸಲು ಕೇಳುವುದನ್ನೇ ಬಿಟ್ಟಿದ್ದ.

ಅದು ಮಾರ್ಚ್ ತಿಂಗಳು. ನಾನು ಕೇಳಿದೆ: “ನಿಮ್ಮ ತೋಟಕ್ಕೆ ಹೂಮಳೆ ಬಂತೇ?”

“ಬಂತು.”

“ಆಕಾಶದಿಂದ ಎಷ್ಟು ಹೂ ಬಿತ್ತು?”

ಅವನು ಪೆನ್ಸಿಲ್ ಕೆಳಗಿಟ್ಟು, ಇಷ್ಟೂ ತಿಳಿಯದವರೇ ಎಂಬಂತೆ ನನ್ನನ್ನು ನೋಡಿದ. “ಹೂ ಬೀಳುವುದಿಲ್ಲ. ನೀರು ಬೀಳುತ್ತದೆ. ಆಮೇಲೆ ಗಿಡದಲ್ಲಿ ಹೂ ಬರುತ್ತದೆ.” ಮಳೆಯಾದ 8–10 ದಿನಕ್ಕೆ ರೆಂಬೆಯುದ್ದಕ್ಕೂ ಬೆಳ್ಳಗೆ ಅರಳುವುದನ್ನು ಕಂಡ ಮಗು ಅದು.

“ಹೆಸರಿನಲ್ಲಿ ಹೂ ಇದೆ, ಬಿದ್ದದ್ದು ನೀರು. ಅಮ್ಮನ ಮಾತಿನಲ್ಲಿ ಪ್ರಾಣ ಇದೆ. ಒಳಗೇನಿದೆ, ಅವರನ್ನೇ ಕೇಳೋಣವೇ?”

ತಾಯಿ ನೆಲಕ್ಕೆ ಕುಳಿತು ಹೇಳಿದರು: “ಒಳಗೆ ಸುಸ್ತು ಇತ್ತು ಮಗನೇ. ನೀನು ಏನನ್ನೂ ತಿಂದಿಲ್ಲ.” ಅವನು ಅವರ ಎದೆಗೆ ಕಿವಿಯಿಟ್ಟು ಬಹಳ ಹೊತ್ತು ಆಲಿಸಿದ. ನಾನು ನಡುವೆ ಮಾತನಾಡಲಿಲ್ಲ.

“ಹಾಗಾದರೆ ಇನ್ನು ಮನೆಯಲ್ಲಿ ಬಾಯಿಗೆ ಬೀಗ ಹಾಕಿಕೊಳ್ಳಬೇಕೇ?” ಎಂದು ತಂದೆ ಕೇಳಿದರು. ಖಂಡಿತ ಬೇಡ. ನುಡಿಗಟ್ಟು ಆಡಿ, ಆಡಿದ ಕೂಡಲೇ ಅದರ ಸಿಪ್ಪೆ ಸುಲಿದು ಕೊಡಿ ಎಂದೆ. “ಮೆಣಸು ಈ ಸಲ ಕೈಕೊಟ್ಟಿತು” ಎಂದರೆ ಬಳ್ಳಿಗೆ ಕೈ ಎಲ್ಲಿದೆ ಎಂದು ಮಗುವನ್ನೇ ಕೇಳಿ, ಕೈಯಿರುವ ಬಳ್ಳಿಯ ಚಿತ್ರ ಬರೆಸಿ, ನಕ್ಕು, ಫಸಲು ಬರಲಿಲ್ಲವೆಂದು ತಿಳಿಸಿ. ತಪ್ಪಾಗಿ ತಿಳಿದುಕೊಂಡದ್ದನ್ನು ನೆಂಟರ ಮುಂದೆ ಹೇಳಿ ನಗಬೇಡಿ. ಪ್ರಾಣ, ಸಾವು, ಬಿಟ್ಟುಹೋಗುವುದು ಇವುಗಳ ಹೊರೆಯನ್ನು ಮಗುವಿನ ತಲೆಗೆ ಕಟ್ಟುವ ಮಾತನ್ನು ಮಾತ್ರ ಬಿಡಿ; “ನನಗೆ ಸುಸ್ತಾಗಿದೆ” ಎನ್ನಿ. ಇಂಗ್ಲಿಷ್ ನುಡಿಗಟ್ಟುಗಳ ಅಭ್ಯಾಸ ಪುಸ್ತಕ ತಂದಿದ್ದರು, ಕಪಾಟಿನಲ್ಲಿಡಿಸಿದೆ. ಮನೆಯಲ್ಲಿ ಅಜ್ಜಿಯ ಬಾಯಿ ಇರುವಾಗ ಅದಕ್ಕೆ ಅವಸರವಿಲ್ಲ.

ಇಷ್ಟು ಸಾಕೇ, ತಜ್ಞರ ಪರೀಕ್ಷೆಗೆ ಕಳುಹಿಸಬೇಡವೇ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ನಾನು ಯೋಚಿಸದೆ ಇರಲಿಲ್ಲ. ಅವನ ಆಟ, ಗೆಳೆತನ, ಕಣ್ಣಿನ ನೋಟ ಎಲ್ಲವನ್ನೂ ಗಮನಿಸಿದ್ದೆ. 6ರ ವಯಸ್ಸಿನಲ್ಲಿ ಮಾತನ್ನು ಇದ್ದ ಹಾಗೆಯೇ ನಂಬುವುದು ಸಹಜ. ಬೆಳೆದ ಮೇಲೂ ಹಾಗೇ ಉಳಿದು, ಜೊತೆಯವರೊಡನೆ ಬೆರೆಯುವುದೂ ಕಷ್ಟವಾದರೆ ತಜ್ಞರಿಗೆ ತೋರಿಸಲೇಬೇಕು. ಈ ಮಗುವಿಗೆ ಬೇಕಿದ್ದದ್ದು ಒಂದು ವಿವರಣೆ. ಅದನ್ನು ರೋಗವೆಂದು ಕರೆಯಲು ನನಗೆ ಮನಸ್ಸು ಒಪ್ಪಲಿಲ್ಲ.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ತಾಯಿ ಫೋನ್ ಮಾಡಿದ್ದರು. ಮೆಟ್ಟಿಲು ಹತ್ತುವಾಗ ಅಜ್ಜಿಯ ಕಾಲು ಕಟಕಟ ಎಂದಿದೆ. “ಅಜ್ಜಿಯ ಮೊಣಕಾಲಿನಲ್ಲಿ ಜೀರುಂಡೆ ಕೂತಿದೆ” ಎಂದನಂತೆ. ಅಜ್ಜಿ ಗಾಬರಿಯಿಂದ ಸೀರೆ ಕೊಡವಿಕೊಂಡಾಗ ಅವರ ಕೈ ಹಿಡಿದು ಸಮಾಧಾನ ಹೇಳಿದನಂತೆ: “ಹೆದರಬೇಡಿ ಅಜ್ಜಿ, ನಿಜವಾದ ಜೀರುಂಡೆ ಅಲ್ಲ.”