ಪುಸ್ತಕಕ್ಕೆ ದುಡ್ಡು ಕೊಟ್ಟವರು ಯಾರು?

ಓದುಗರ ಪತ್ರ: ಕಳೆದ ಸಂಚಿಕೆಯ ಲೇಖನದಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಪೀಟರ್‌ಬರೋ ಊರಿನ ಗ್ರಂಥಾಲಯವನ್ನು (1833) ತೆರಿಗೆ ಹಣದಲ್ಲಿ ನಡೆದ ಮೊದಲ ಉಚಿತ ಸಾರ್ವಜನಿಕ ಗ್ರಂಥಾಲಯ ಎಂದು ಬರೆದಿದ್ದೀರಿ. ಮ್ಯಾಸಚೂಸೆಟ್ಸ್‌ನ ಫ್ರಾಂಕ್ಲಿನ್ ಊರಿನ ಜನಕ್ಕೆ 1790ರಲ್ಲೇ ಪುಕ್ಕಟೆ ಪುಸ್ತಕ ಸಿಗುತ್ತಿತ್ತಲ್ಲ? ಅದೂ ಅಲ್ಲದೆ, ಅಂಗಡಿಯೊಂದರಲ್ಲಿ ಇಟ್ಟಿದ್ದ ಪುಸ್ತಕಗಳಿಗೆ ಗ್ರಂಥಾಲಯವೆಂಬ ದೊಡ್ಡ ಹೆಸರೇಕೆ?

ಸಂಪಾದಕರ ಉತ್ತರ:

ಮಾನ್ಯರೇ,

ಫ್ರಾಂಕ್ಲಿನ್ ಊರಿನ ವಿಷಯ ನೀವು ಹೇಳಿದ್ದು ನಿಜ. ಬೆಂಜಮಿನ್ ಫ್ರಾಂಕ್ಲಿನ್ನರ ಹೆಸರು ಇಟ್ಟುಕೊಂಡ ಆ ಊರಿನವರು ಅವರಿಂದ ಚರ್ಚಿಗೊಂದು ಗಂಟೆ ನಿರೀಕ್ಷಿಸಿದ್ದರು. ಗಂಟೆಯ ಸದ್ದಿಗಿಂತ ಬುದ್ಧಿ ಮೇಲು ಎಂಬ ಧಾಟಿಯಲ್ಲಿ ಆತ 1785ರಲ್ಲಿ ಲಂಡನ್ನಿನ ಸ್ನೇಹಿತ ರಿಚರ್ಡ್ ಪ್ರೈಸ್‌ಗೆ ಪತ್ರ ಬರೆದು, ಸುಮಾರು 25 ಪೌಂಡಿನ ಪುಸ್ತಕ ಆರಿಸಿ ಕೊಡುವಂತೆ ಕೇಳಿದರು. ಬಂದದ್ದು 116 ಸಂಪುಟ. ಅವು ಯಾರ ಕೈಗೆ ಹೋಗಬೇಕು ಎಂಬ ಜಗ್ಗಾಟ ನಡೆದು, ಕೊನೆಗೆ 1790ರಲ್ಲಿ ಊರಿನ ಸಭೆ ಎಲ್ಲ ನಿವಾಸಿಗಳಿಗೂ ಉಚಿತವಾಗಿ ಕೊಡಬೇಕೆಂದು ತೀರ್ಮಾನಿಸಿತು. ದೊಡ್ಡ ತೀರ್ಮಾನವೇ, ಅನುಮಾನವಿಲ್ಲ. ಆದರೆ ಆ ಪುಸ್ತಕಗಳು ಒಬ್ಬರ ದಾನ. ನಮ್ಮ ಲೇಖನ ಹೇಳಿದ್ದು ತೆರಿಗೆ ಹಣದ ಮಾತು.

ನಿಮ್ಮ ವಾದಕ್ಕೆ ಇನ್ನೂ ಗಟ್ಟಿಯಾದ ಸಾಕ್ಷಿ ಬೇಕಿದ್ದರೆ ನಾನೇ ಒದಗಿಸುತ್ತೇನೆ. ಕನೆಕ್ಟಿಕಟ್‌ನ ಸಾಲಿಸ್‌ಬರಿಯವರಾದ ಕೇಲೆಬ್ ಬಿಂಗಮ್ ಬಾಸ್ಟನ್ನಿನಲ್ಲಿ ಪುಸ್ತಕ ವ್ಯಾಪಾರಿಯಾಗಿದ್ದರು. 1803ರಲ್ಲಿ ತಮ್ಮ ಹುಟ್ಟೂರಿನ ಮಕ್ಕಳಿಗೆಂದು 150 ಪುಸ್ತಕ ಕಳಿಸಿಕೊಟ್ಟರು. 1810ರಲ್ಲಿ ಆ ಊರು ತನ್ನ ಖಜಾನೆಯಿಂದ 100 ಡಾಲರ್ ತೆಗೆದು ಅದಕ್ಕೆ ಸೇರಿಸಿತು. ಪೀಟರ್‌ಬರೋಗಿಂತ 23 ವರ್ಷ ಮೊದಲೇ ಸಾರ್ವಜನಿಕ ಹಣ! ಆದರೆ ಅದು ಇದ್ದದ್ದು ಒಂಬತ್ತರಿಂದ ಹದಿನಾರು ವರ್ಷದವರಿಗೆ. ಅವರ ಅಪ್ಪ ಅಮ್ಮಂದಿರಿಗಲ್ಲ.

ಹಾಗಾದರೆ ಪೀಟರ್‌ಬರೋದಲ್ಲಿ ಹೊಸದೇನು ನಡೆಯಿತು? ಹಣ ಬಂದ ದಾರಿಯೇ ಒಂದು ಕತೆ. ರಾಜ್ಯಕ್ಕೊಂದು ವಿಶ್ವವಿದ್ಯಾಲಯ ಕಟ್ಟಬೇಕೆಂದು ನ್ಯೂ ಹ್ಯಾಂಪ್‌ಶೈರ್ ಸರ್ಕಾರ 1821ರಲ್ಲಿ ಬ್ಯಾಂಕುಗಳ ಬಂಡವಾಳದ ಮೇಲೆ ತೆರಿಗೆ ಹಾಕಿತು. ವಿಶ್ವವಿದ್ಯಾಲಯ ಮೇಲೇಳಲಿಲ್ಲ, ಹಣ ಮಾತ್ರ ಕೂಡುತ್ತಾ ಹೋಯಿತು. ಕಡೆಗೆ ಅದನ್ನು ಊರುಗಳಿಗೆ ಹಂಚಿದರು. ಶಾಲೆಗಳಿಗೆ ಬಳಸಿ, ಇಲ್ಲವೇ ಶಿಕ್ಷಣದ ಬೇರೆ ಕೆಲಸಕ್ಕೆ ಬಳಸಿ ಎಂದಷ್ಟೇ ಕಾನೂನಿನಲ್ಲಿತ್ತು. ಶಾಲೆಗೆ ಹಾಕಿ ಕೈತೊಳೆದುಕೊಳ್ಳುವುದು ಸುಲಭದ ದಾರಿ. ಅದಕ್ಕೆ ಯಾರೂ ತಕರಾರು ತೆಗೆಯುವಂತಿರಲಿಲ್ಲ.

‘ಬೇರೆ ಕೆಲಸ’ ಎಂಬ ಆ ಸಣ್ಣ ಸಂದಿಯಲ್ಲಿ ಗ್ರಂಥಾಲಯ ನುಸುಳಿತು. ಅದನ್ನು ನುಸುಳಿಸಿದವರು ಅಲ್ಲಿನ ಯೂನಿಟೇರಿಯನ್ ಪಾದ್ರಿ ಏಬಿಯಲ್ ಅಬಟ್. ಆಗಲೇ ಅರುವತ್ತು ದಾಟಿದ್ದ ಮನುಷ್ಯ. ಚಂದಾ ಕೊಟ್ಟವರಿಗಷ್ಟೇ ಪುಸ್ತಕ ಕೊಡುವ ಸಂಘಗಳು ಅಮೆರಿಕಕ್ಕೆ ಹೊಸತಾಗಿರಲಿಲ್ಲ. ಫಿಲಡೆಲ್ಫಿಯಾದಲ್ಲಿ ಇದೇ ಬೆಂಜಮಿನ್ ಫ್ರಾಂಕ್ಲಿನ್ 1731ರಲ್ಲಿ ಕಟ್ಟಿದ ಸಂಘಕ್ಕೆ ಸೇರಲು 40 ಶಿಲ್ಲಿಂಗ್, ಆಮೇಲೆ ವರ್ಷಕ್ಕೆ 10 ಶಿಲ್ಲಿಂಗ್ ಕೊಡಬೇಕಿತ್ತು. ಹತ್ತಿ ಗಿರಣಿಗಳ ಊರಾದ ಪೀಟರ್‌ಬರೋದಲ್ಲಿ ಆ ಬಗೆಯ ಚಂದಾ ಎಷ್ಟು ಮನೆಗಳಿಗೆ ನಿಲುಕೀತು, ನೀವೇ ಯೋಚಿಸಿ.

1833ರ ಏಪ್ರಿಲ್ 9ರಂದು ಊರಿನ ಮತದಾರರು (ಆಗಿನ ಕಾಲಕ್ಕೆ ಗಂಡಸರು ಮಾತ್ರ) ಸಭೆ ಸೇರಿ, ರಾಜ್ಯದಿಂದ ಬಂದ ಆ ಹಣದ ಒಂದು ಪಾಲನ್ನು ಪುಸ್ತಕ ಕೊಳ್ಳಲು ತೆಗೆದಿಟ್ಟರು. ಓದಲು ಬರುವವರಿಂದ ಕಾಸು ಕೇಳುವಂತಿರಲಿಲ್ಲ. ದಾನಿಯೊಬ್ಬರ ಔದಾರ್ಯದಿಂದ ಶುರುವಾದದ್ದಲ್ಲ, ಮಕ್ಕಳಿಗೆ ಮಾತ್ರ ಮೀಸಲಾದದ್ದೂ ಅಲ್ಲ. ನಮ್ಮ ಲೇಖಕರು ಅದನ್ನು ಮೊದಲನೆಯದು ಎಂದದ್ದು ಇದಕ್ಕಾಗಿ, ನಾನೂ ಅದನ್ನು ಒಪ್ಪುತ್ತೇನೆ. ದಾನವಾಗಿ ಬಂದ ಪುಸ್ತಕ ಹರಿದರೆ ಇನ್ನೊಬ್ಬ ದಾನಿ ಬರುವವರೆಗೆ ಕಾಯಬೇಕು. ಸಭೆಯಲ್ಲಿ ಹಣ ಮಂಜೂರು ಮಾಡಿದ ಊರು ಮುಂದಿನ ಸಭೆಯಲ್ಲಿ ಮತ್ತೆ ಮಂಜೂರು ಮಾಡಬಹುದು, ಮಾಡದಿದ್ದರೆ ಜನ ಎದ್ದು ನಿಂತು ಕೇಳಬಹುದು.

ಇನ್ನು ಅಂಗಡಿಯ ಮಾತು. ಪುಸ್ತಕಗಳು ಮೊದಲು ಇದ್ದದ್ದು ದಿನಬಳಕೆಯ ಸಾಮಾನು ಮಾರುವ ಅಂಗಡಿಯಲ್ಲೇ, ಅಲ್ಲಿಯೇ ಅಂಚೆ ಕಚೇರಿಯೂ ಇತ್ತು. ನಿಮಗೆ ಅದು ಕೊರತೆಯಾಗಿ ಕಂಡಿದೆ, ನನಗೆ ಜಾಣತನವಾಗಿ ಕಾಣುತ್ತದೆ. ಕಾಗದ ಬಂತೇ ಎಂದು ನೋಡಲು ಹೇಗೂ ಬರುವವರ ಕಣ್ಣಿಗೆ ಪುಸ್ತಕವೂ ಬೀಳುತ್ತಿತ್ತು. ಸ್ವಂತ ಕಟ್ಟಡ ಆದದ್ದು 1893ರಲ್ಲಿ, ಅಂದರೆ 60 ವರ್ಷ ತಡವಾಗಿ. ಅದರ ವಿನ್ಯಾಸ ಮಾಡಿದವರು ಸೇತುವೆಗಳಿಗೆ ಹೆಸರಾದ ಎಂಜಿನಿಯರ್ ಜಾರ್ಜ್ ಮಾರಿಸನ್.

ಇದಕ್ಕೆ ತದ್ವಿರುದ್ಧವಾದದ್ದು ಇಂಗ್ಲೆಂಡಿನಲ್ಲಿ ನಡೆಯಿತು. ಅಲ್ಲಿನ 1850ರ ಗ್ರಂಥಾಲಯ ಕಾಯ್ದೆಯ ಪ್ರಕಾರ 10,000ಕ್ಕೂ ಹೆಚ್ಚು ಜನರಿದ್ದ ಪಟ್ಟಣಗಳು ಪೌಂಡಿಗೆ ಅರ್ಧ ಪೆನ್ನಿ ತೆರಿಗೆ ಹಾಕಬಹುದಿತ್ತು. ಆ ದುಡ್ಡಿನಲ್ಲಿ ಕಟ್ಟಡ ಕಟ್ಟಬಹುದು, ನೌಕರರಿಗೆ ಸಂಬಳ ಕೊಡಬಹುದು. ಪುಸ್ತಕ ಮಾತ್ರ ಕೊಳ್ಳುವಂತಿಲ್ಲ! ಪುಸ್ತಕಗಳನ್ನು ಯಾರಾದರೂ ದಾನಿಗಳು ಕೊಡುತ್ತಾರೆ ಎಂದು ಶಾಸನ ಮಾಡಿದವರು ನಂಬಿದ್ದರು. ಆ ನಿರ್ಬಂಧ ಸಡಿಲವಾಗಲು 1855ರ ಕಾಯ್ದೆ ಬರಬೇಕಾಯಿತು. ಗೋಡೆಯಿದ್ದು ಪುಸ್ತಕಕ್ಕೆ ಕಾಸಿಲ್ಲದ ಗ್ರಂಥಾಲಯ ಬೇಕೋ, ಅಂಗಡಿಯಲ್ಲಿದ್ದೂ ಪುಸ್ತಕ ಕೊಳ್ಳಬಲ್ಲ ಗ್ರಂಥಾಲಯ ಬೇಕೋ ಎಂದರೆ ನನ್ನ ಓಟು ಎರಡನೆಯದಕ್ಕೆ.

ಪೀಟರ್‌ಬರೋ ಮಾಡಿದ್ದನ್ನು ಉಳಿದವರು ತಕ್ಷಣ ಅನುಸರಿಸಲಿಲ್ಲ ಎಂಬುದನ್ನೂ ಸೇರಿಸಬೇಕು. ಊರುಗಳು ಗ್ರಂಥಾಲಯಕ್ಕಾಗಿ ತೆರಿಗೆ ಎತ್ತಬಹುದೆಂದು ನ್ಯೂ ಹ್ಯಾಂಪ್‌ಶೈರ್ ಕಾನೂನು ಮಾಡಿದ್ದು 1849ರಲ್ಲಿ, 16 ವರ್ಷ ಕಳೆದ ಮೇಲೆ. ಅದಕ್ಕೆ ಹಿಂದಿನ ವರ್ಷ ಮ್ಯಾಸಚೂಸೆಟ್ಸ್ ಅಂಥದೇ ಅನುಮತಿಯನ್ನು ಬಾಸ್ಟನ್ ನಗರವೊಂದಕ್ಕೆ ಕೊಟ್ಟಿತ್ತು. ಬಾಸ್ಟನ್ನಿನ ಗ್ರಂಥಾಲಯ ಬಾಗಿಲು ತೆರೆದದ್ದು 1854ರಲ್ಲಿ, ಅದೂ ಹಳೆಯ ಶಾಲಾ ಕಟ್ಟಡವೊಂದರಲ್ಲಿ. ಅಬಟ್ ಅದನ್ನೂ ನೋಡುವಷ್ಟು ಕಾಲ ಬದುಕಿದ್ದರು. ತೀರಿಕೊಂಡದ್ದು 1859ರಲ್ಲಿ.