ಪಿಡಿಎಫ್ ಕಳಿಸಿದರೆ ಇ-ಬಿಲ್ ಆಗುವುದಿಲ್ಲ

ಕೋಪನ್‌ಹೇಗನ್‌ನ ಸರ್ಕಾರಿ ಶಾಲೆಗೆ ಊಟ ಕೊಟ್ಟು ಪಿಡಿಎಫ್ ಬಿಲ್ ಮೇಲ್ ಮಾಡಿದೆ, ವಾಪಸ್ ಕಳಿಸಿದರು, ಯಾಕೆ ಅಂತ ಕೇಳಿದ್ದೀರಿ. ತಪ್ಪು ನಿಮ್ಮದೂ ಅಲ್ಲ, ಶಾಲೆಯದೂ ಅಲ್ಲ. ಡೆನ್ಮಾರ್ಕ್‌ನಲ್ಲಿ 2005ರ ಫೆಬ್ರವರಿ 1ರಿಂದಲೇ ಸರ್ಕಾರಿ ಕಚೇರಿಗಳಿಗೆ ಎಲೆಕ್ಟ್ರಾನಿಕ್ ಬಿಲ್ಲೇ ಆಗಬೇಕು. ಪಿಡಿಎಫ್ ನಮ್ಮ ಕಣ್ಣಿಗೆ ಬಿಲ್, ಕಂಪ್ಯೂಟರಿಗೆ ಸುಮ್ನೆ ಒಂದು ಚಿತ್ರ ಇದ್ದ ಹಾಗೆ. ಅವರಿಗೆ ಬೇಕಾಗಿರುವುದು ಎಕ್ಸ್ಎಂಎಲ್, ಅಂದರೆ ಕಂಪ್ಯೂಟರ್ ನೇರವಾಗಿ ಓದುವ ಫೈಲ್: ಮೊತ್ತ, ತೆರಿಗೆ, ಖಾತೆ ನಂಬರ್ ಎಲ್ಲ ಬೇರೆ ಬೇರೆ ಖಾನೆಯಲ್ಲಿ ಇರುತ್ತದೆ, ಯಾರೂ ಮತ್ತೆ ಟೈಪ್ ಮಾಡಬೇಕಿಲ್ಲ.

ಮೊದಲು ಶಾಲೆಯವರಿಂದ 13 ಅಂಕಿಯ ಇಎಎನ್ ನಂಬರ್ ತೆಗೆದುಕೊಳ್ಳಿ. ಇದು ಬಿಲ್ಲಿನ ವಿಳಾಸ ಇದ್ದ ಹಾಗೆ, ಒಂದು ಅಂಕಿ ತಪ್ಪಿದರೂ ಬಿಲ್ ಅವರಿಗೆ ತಲುಪುವುದಿಲ್ಲ. ಆರ್ಡರ್ ನಂಬರ್, ತರಿಸಿದವರ ಹೆಸರು ಕೂಡ ಕೇಳಿಡಿ. ಆಮೇಲೆ ನಿಮ್ಮ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ನೆಮ್‌ಹ್ಯಾಂಡೆಲ್ (ಇ-ಬಿಲ್ ಕಳಿಸಲು ಡೆನ್ಮಾರ್ಕ್‌ನಲ್ಲಿರುವ ಜಾಲ) ಮೂಲಕ ಕಳಿಸುವ ಸೌಲಭ್ಯ ಇದೆಯಾ ನೋಡಿ.

ಈ ನಿಯಮದ ಶುರುವಿನಲ್ಲಿ ಸಣ್ಣ ಅಂಗಡಿಯವರ ಕಾಗದದ ಬಿಲ್ಲನ್ನು ಸ್ಕ್ಯಾನ್ ಮಾಡಿ ಎಕ್ಸ್ಎಂಎಲ್ ಮಾಡಿಕೊಡುವ ಕೇಂದ್ರಗಳನ್ನೂ ಇಟ್ಟಿದ್ದರು. ನನಗೆ ಜಾಸ್ತಿ ಇಷ್ಟವಾದದ್ದು ಅದೇ, ನಿಯಮ ಹೇರಿ ಕೈ ಬಿಡಲಿಲ್ಲ ಅಲ್ವಾ.