ಬೇಕಾಗಿರೋದು ಕಾರೋ, ಅಂಗಳದಲ್ಲಿ ಜಾಗವೋ?

ದಾವಣಗೆರೆಯಿಂದ ಹೈಸ್ಕೂಲ್ ಶಿಕ್ಷಕಿಯೊಬ್ಬರು ಬರೆದ ಪತ್ರ ಈ ವಾರ ಪೂರ್ತಿ ನನ್ನ ತಲೆಯಲ್ಲೇ ಇದೆ. ಗಂಡನದು ಟೈಲ್ಸ್ ಅಂಗಡಿ, ವ್ಯಾಪಾರ ಚೆನ್ನಾಗಿದೆ. ಮನೆಯಲ್ಲಿ ಎಂಟು ವರ್ಷದ ವ್ಯಾಗನ್ ಆರ್ ಇದೆ, ಒಂದು ದಿನ ಕೈ ಕೊಟ್ಟಿಲ್ಲ. ಈಗ ಗಂಡನಿಗೆ ಬಿಎಂಡಬ್ಲ್ಯೂ ಬೇಕಂತೆ. ಷೋರೂಂ ಬೆಲೆಯೇ 50 ಲಕ್ಷ. ಅದರಲ್ಲಿ 40 ಲಕ್ಷ ಸಾಲ, ಏಳು ವರ್ಷದ ಕಂತು. ಅಂಗಡಿಯ ರಿಟರ್ನ್ಸ್‌ನಲ್ಲಿ ಆದಾಯ ಕಡಿಮೆ ತೋರಿಸಿರೋದ್ರಿಂದ ಬ್ಯಾಂಕಿನವರು ಹೆಂಡತಿಯ ಸಂಬಳದ ಚೀಟಿ, ಜೊತೆಗೆ ಸಹಿ ಕೇಳುತ್ತಿದ್ದಾರೆ. 'ಚಿಕ್ಕಂದಿನಿಂದ ನಂಗೆ ಕಾರು ಅಂದ್ರೆ ಪ್ರಾಣ' ಅಂತ ಅವರ ವಾದ. 'ಇದು ಬರೀ ಶೋಕಿ, ನಾಲ್ಕು ಜನ ನೋಡ್ಲಿ ಅಂತ' ಎಂದು ಇವರ ವಾದ. ಯಾರು ಸರಿ, ನೀವೇ ಹೇಳಿ ಅಂತ ಕೇಳಿದ್ದಾರೆ.

ತಂಗೀ, ಎರಡು ಪುಟ ಕಾರಿನ ಬಗ್ಗೆಯೇ ಬರೆದಿದ್ದೀರಿ. ನಡುವೆ ಒಂದೇ ಒಂದು ಕಡೆ ಹೀಗಿದೆ: 'ಹೋದ ಯುಗಾದಿಗೆ ಊರಿಗೆ ಹೋದಾಗ ಭಾವನ ಫಾರ್ಚುನರ್ ಬಿಸಿಲಿಗೆ ನಿಲ್ಲಬಾರದು ಅಂತ ಮಾವ ಇವರ ಗಾಡಿ ತೆಗೆಸಿ ಶಾಲೆ ಹತ್ತಿರ ಹಾಕಿಸಿದ್ರು. ಆಮೇಲಿಂದ ಈ ಹುಚ್ಚು ಜಾಸ್ತಿಯಾಗಿದೆ.' ಅಷ್ಟು ಹೇಳಿ ಮತ್ತೆ ಕಂತಿನ ಲೆಕ್ಕಕ್ಕೆ ಹೋಗಿಬಿಟ್ಟಿದ್ದೀರಿ.

ನಿಮ್ಮ ಇಡೀ ಪತ್ರ ಇರೋದು ಅಲ್ಲೇ. ನಲವತ್ತು ದಾಟಿದ ಗಂಡಸು. ಹಬ್ಬದ ದಿನ, ಹುಟ್ಟಿದ ಮನೆಯ ಅಂಗಳ. ನೆರಳಲ್ಲಿ ನಿಲ್ಲಿಸಿದ್ದ ಗಾಡಿಯನ್ನು ಹಿಂದಕ್ಕೆ ತೆಗೆದು, ಬೀದಿ ಕೊನೆಯ ಶಾಲೆ ಹತ್ತಿರ ಹಾಕಿ, ಬಿಸಿಲಲ್ಲಿ ಒಬ್ಬರೇ ನಡೆದು ಬಂದಿದ್ದಾರೆ. ಆಗ ನೀವು ಒಳಗೆ ಹೋಳಿಗೆ ತಟ್ಟುತ್ತಿದ್ದೆ ಅಂತ ಬರೆದಿದ್ದೀರಿ. ಇದೆಲ್ಲ ಗೊತ್ತಿದ್ದೂ 'ಶೋಕಿ' ಅನ್ನೋ ಮಾತು ನಿಮ್ಮ ಬಾಯಿಂದ ಹೇಗೆ ಬಂತು?

ತಪ್ಪು ನಿಮ್ಮ ಮಾವನವರದು. ಈ ಅಂಕಣದಲ್ಲಿ ಹಿಂದೆಯೂ ಬರೆದಿದ್ದೇನೆ, ಮುಂದೆಯೂ ಬರೆಯುತ್ತೇನೆ: ಒಬ್ಬ ಮಗನನ್ನು ಇನ್ನೊಬ್ಬನ ಪಕ್ಕ ಇಟ್ಟು ತೂಗುವ ಹಿರಿಯರಿಂದಲೇ ಎಷ್ಟೋ ಮನೆಗಳು ಸಾಲಕ್ಕೆ ಬಿದ್ದಿವೆ. ಫಾರ್ಚುನರ್ ಇಟ್ಟುಕೊಂಡ ಭಾವ ಪಾಪ ಏನೂ ಮಾಡಿಲ್ಲ. ಆದರೆ 'ಅಪ್ಪಾ, ಅವನ ಗಾಡಿ ಅಲ್ಲೇ ಇರಲಿ ಬಿಡಿ' ಅಂತ ಒಂದು ಮಾತು ಹೇಳಬಹುದಿತ್ತು, ಅಲ್ವಾ?

ಇನ್ನು ನಿಮ್ಮ ಪ್ರಶ್ನೆ. ಇಷ್ಟವೋ, ಪ್ರತಿಷ್ಠೆಯೋ? ಎರಡೂ ಇದೆ. ಹುಡುಗನಾಗಿದ್ದಾಗ ಪೇಪರಿನ ಕಾರಿನ ಚಿತ್ರಗಳನ್ನು ಕತ್ತರಿಸಿ ಟ್ರಂಕಿನ ಮುಚ್ಚಳದ ಒಳಗೆ ಅಂಟಿಸುತ್ತಿದ್ದರು ಅಂತ ನೀವೇ ಬರೆದಿದ್ದೀರಿ. ಆ ಹುಡುಗ ಯಾರಿಗೂ ತೋರಿಸೋಕೆ ಅಂಟಿಸಿದ್ದಲ್ಲ. ಒಳ್ಳೆಯ ಕಾರು ಹೆದ್ದಾರಿಯಲ್ಲಿ ಅಲುಗಾಡದೆ ಹೋಗುತ್ತೆ, ತಿರುವಿನಲ್ಲಿ ನೆಲ ಕಚ್ಚಿಕೊಳ್ಳುತ್ತೆ. ಅದನ್ನು ಓಡಿಸೋ ಖುಷಿ ನಿಜವಾದ ಖುಷಿ. ನಾಲ್ಕು ಜನರ ಕಣ್ಣೂ ಅಷ್ಟೇ ನಿಜ. 1983ರ ಕೊನೆಗೆ ಮಾರುತಿ 800 ಬರುವ ತನಕ ಅಂಬಾಸಿಡರ್‌ಗೋ ಪದ್ಮಿನಿಗೋ ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಆಗ ಯಾವ ಕಾರಿದ್ದರೂ ದೊಡ್ಡವರೇ. ಈಗ ಸಾಲ ಸುಲಭ, ಬೀದಿ ತುಂಬಾ ಕಾರು. ಹಾಗಾಗಿ ಜನ ಮುಂದಿನ ಲೋಗೋ ನೋಡುತ್ತಾರೆ. 2009ರಲ್ಲಿ ಒಂದು ಲಕ್ಷಕ್ಕೆ ನ್ಯಾನೊ ಬಂತು. ಅದು ಸೋತಿದ್ದಕ್ಕೆ ಕಾರಣ ಹಲವು, ಅದರಲ್ಲೊಂದು 'ಅಗ್ಗದ ಕಾರು' ಅನ್ನೋ ಹಣೆಪಟ್ಟಿ. ಇದನ್ನು ರತನ್ ಟಾಟಾ ಅವರೇ ಒಪ್ಪಿಕೊಂಡಿದ್ದರು. ಸ್ಕೂಟರಿನಲ್ಲಿ ನಾಲ್ಕು ಜನ ಮಳೆಯಲ್ಲಿ ನೆನೆಯುತ್ತಿದ್ದ ಮನೆಯವರೂ ಆ ಪಟ್ಟಿ ಬೇಡ ಅಂದರು. ನಿಮ್ಮ ಯಜಮಾನರನ್ನು ಮಾತ್ರ ಯಾಕೆ ಬೈತೀರಿ?

ಜಗಳದಲ್ಲಿ ಅಜೀಂ ಪ್ರೇಮ್‌ಜಿ ವರ್ಷಗಟ್ಟಲೆ ಕೊರೊಲ್ಲಾ ಓಡಿಸಿದ್ದನ್ನು ಎತ್ತಿದಿರಂತೆ. ದಯವಿಟ್ಟು ಆ ಮಾತು ಬಿಡಿ. ಪ್ರೇಮ್‌ಜಿ ಸಣ್ಣ ಕಾರಿನಿಂದ ಇಳಿದರೂ ಜನ ಎದ್ದು ನಿಲ್ಲುತ್ತಾರೆ. ಅವರು ಯಾರು ಅಂತ ಕಾರು ಹೇಳಬೇಕಾಗಿಲ್ಲ. ನಿಮ್ಮವರಿಗೆ ಅಪ್ಪನ ಮನೆಯಲ್ಲೇ ಆ ಮರ್ಯಾದೆ ಸಿಕ್ಕಿಲ್ಲ.

ಹಾಗಂತ ಈ ಕಾರು ತರಲಿ ಅಂತ ನಾನು ಹೇಳಲ್ಲ. ಲೆಕ್ಕ ನೋಡಿ. ನಮ್ಮ ರಾಜ್ಯದಲ್ಲಿ 20 ಲಕ್ಷ ದಾಟಿದ ಪೆಟ್ರೋಲ್, ಡೀಸೆಲ್ ಕಾರಿಗೆ ಜೀವಾವಧಿ ತೆರಿಗೆ ಶೇ 18, ಅದರ ಮೇಲೆ ಸೆಸ್. 50 ಲಕ್ಷದ ಗಾಡಿಗೆ ಅದೇ ಸುಮಾರು 10 ಲಕ್ಷ ಆಗುತ್ತೆ. 40 ಲಕ್ಷ ಸಾಲಕ್ಕೆ ಶೇ 9ರ ಬಡ್ಡಿ ಹಿಡಿದರೂ ತಿಂಗಳಿಗೆ 64 ಸಾವಿರ ಕಂತು, ಏಳು ವರ್ಷಕ್ಕೆ ಬಡ್ಡಿಯೇ 14 ಲಕ್ಷ. ಐದು ವರ್ಷ ತುಂಬುವಾಗ ವಿಮೆಯವರ ಲೆಕ್ಕದಲ್ಲಿ ಗಾಡಿಯ ಬೆಲೆ ಅರ್ಧಕ್ಕಿಳಿದಿರುತ್ತೆ, ಕಂತು ಮಾತ್ರ ಇನ್ನೂ ಎರಡು ವರ್ಷ ಉಳಿದಿರುತ್ತೆ. ಅಂಗಡಿ ಒಂದು ಮಳೆಗಾಲ ಮಂಕಾದರೆ ಬ್ಯಾಂಕು ಬರೋದು ನಿಮ್ಮ ಸಂಬಳಕ್ಕೆ. ಮನೆ ಸಾಲಕ್ಕಾದರೆ ಗಂಡ ಹೆಂಡತಿ ಇಬ್ಬರೂ ಸಹಿ ಹಾಕಲಿ. ಗಾಡಿ ಸಾಲಕ್ಕೆ ಬೇಡವೇ ಬೇಡ. ಇದರಲ್ಲಿ ನನ್ನ ಮಾತು ಬದಲಾಗಲ್ಲ.

ನೀವು ಮಾಡಬೇಕಾದ್ದು ಒಂದೇ. ಇವತ್ತು ರಾತ್ರಿ ಮಕ್ಕಳು ಮಲಗಿದ ಮೇಲೆ ಯುಗಾದಿ ದಿನದ ಮಾತೆತ್ತಿ. ಕಾರು, ಸಾಲ, ಬ್ಯಾಂಕು ಯಾವುದೂ ಬೇಡ. 'ಅವತ್ತು ನಾನು ನಿಮ್ಮ ಜೊತೆ ಗಾಡಿ ಹತ್ತಿ ಶಾಲೆ ತನಕ ಬರಬೇಕಿತ್ತು' ಅನ್ನಿ. ಆಮೇಲೆ ಸುಮ್ನೆ ಕೂತು ಅವರು ಹೇಳೋದನ್ನೆಲ್ಲ ಕೇಳಿಸಿಕೊಳ್ಳಿ, ಅರ್ಧ ಗಂಟೆಯಾದರೂ ಸರಿ. ನಡುವೆ ಬುದ್ಧಿ ಹೇಳೋಕೆ ಹೋಗಬೇಡಿ. ಅದಾದ ಮೇಲೂ ಕಾರು ಬೇಕು ಅಂದರೆ ತರಲಿ. ಅಂಗಡಿಯ ನಿಜವಾದ ಆದಾಯ ತೋರಿಸಿ, ತಮ್ಮ ಒಬ್ಬರ ಹೆಸರಲ್ಲಿ ಎಷ್ಟು ಸಾಲ ಹುಟ್ಟುತ್ತೋ ಅಷ್ಟರಲ್ಲಿ. ಮೂರು ನಾಲ್ಕು ವರ್ಷ ಓಡಿದ ಬಿಎಂಡಬ್ಲ್ಯೂ ಆದರೂ ಪರವಾಗಿಲ್ಲ, ಓಡಿಸುವ ಖುಷಿ ಅದರಲ್ಲೂ ಇದೆ.